ನಾಳೆಯ ಚಿಂತೆ ಮತ್ತು ನಮ್ಮ ವಿಶ್ವಾಸ

ಚಿಂತೆಯೇ ಇಲ್ಲದ ಮನೆಯೊಂದನ್ನು ತೋರಿಸಿ ಎಂದು ಕೇಳಿದರೆ ಯಾವ ಧರ್ಮಕೇಂದ್ರದ ಗುರುಗಳೂ ಉತ್ತರಿಸಲಾರರು. ಒಂದು ಮನೆಯಲ್ಲಿ ಮಗಳ ಮದುವೆಯ ಯೋಚನೆ, ಇನ್ನೊಂದರಲ್ಲಿ ಮಗನ ಪಿಯುಸಿ ಫಲಿತಾಂಶದ ಆತಂಕ. ಒಂದೆಡೆ ಬ್ಯಾಂಕಿನ ಸಾಲದ ಕಂತು, ಇನ್ನೊಂದೆಡೆ ವೈದ್ಯರು ಬರೆದುಕೊಟ್ಟ ರಕ್ತಪರೀಕ್ಷೆಯ ವರದಿ. ಗಂಡ ಕೊಲ್ಲಿ ರಾಷ್ಟ್ರದಲ್ಲಿ ದುಡಿಯುತ್ತಿರುವ ಮನೆಯಲ್ಲಿ ಅಪವೇಳೆಯಲ್ಲಿ ಫೋನಿನ ಗಂಟೆ ಬಾರಿಸಿದರೆ ಹೆಂಡತಿಯ ಎದೆ ಝಲ್ಲೆನ್ನುತ್ತದೆ. ಮಕ್ಕಳೆಲ್ಲರೂ ಊರು ಬಿಟ್ಟುಹೋದ ಮನೆಯಲ್ಲಿ ವೃದ್ಧ ದಂಪತಿಗಳು, ತಮ್ಮಲ್ಲೊಬ್ಬರು ಮೊದಲು ತೀರಿಹೋದರೆ ಉಳಿದವರ ಗತಿಯೇನೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಕೊರಗುತ್ತಾರೆ. ಕಡಲಿಗೆ ಇಳಿಯುವವರಿಗೆ ಗಾಳಿಯ ಭಯ. ತೋಟ ನಂಬಿದವರಿಗೆ ಬಿಡದೆ ಸುರಿಯುವ ಮಳೆಯ ಭಯ.

ಇವಾವುವೂ ಪತ್ರಿಕೆಯ ಮುಖಪುಟಕ್ಕೆ ಬರುವಂತಹ ಭಯಗಳಲ್ಲ. ಆದರೆ ನಮ್ಮ ನಿದ್ರೆಯನ್ನು ಕಸಿದುಕೊಳ್ಳುವುದು ಇವೇ. ಹಣಕಾಸಿನ ಚಿಂತೆ ಮನುಷ್ಯನನ್ನು ನಿದ್ದೆಗೆಡಿಸಿ ಸವೆಸಿಬಿಡುತ್ತದೆಂಬ ಮಾತು ಕ್ರಿಸ್ತಪೂರ್ವ ಎರಡನೆಯ ಶತಮಾನದ ಜ್ಞಾನಿ ಸಿರಾಖನ ಗ್ರಂಥದಲ್ಲಿಯೇ ಇದೆ (ಸಿರಾಖ 31:1-2). ಮನುಷ್ಯನ ಈ ಸಂಕಟ ಅಷ್ಟು ಹಳೆಯದು.

ಈ ನಿತ್ಯದ ಭಯಗಳಿಗೂ ನಮ್ಮ ಕ್ರೈಸ್ತ ವಿಶ್ವಾಸಕ್ಕೂ ಏನು ಸಂಬಂಧ? ಸಾಮಾನ್ಯವಾಗಿ ನಮ್ಮಲ್ಲಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಪ್ರಾರ್ಥಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಮೊದಲನೆಯದು. ಭಯಪಡುವವನಲ್ಲಿ ವಿಶ್ವಾಸವೇ ಇಲ್ಲ ಎಂಬುದು ಎರಡನೆಯದು. ಮೊದಲನೆಯ ಮಾತು ಅರ್ಧಸತ್ಯ. ಎರಡನೆಯದಂತೂ ನೊಂದವರ ಗಾಯಕ್ಕೆ ಉಪ್ಪು ಸವರುವ ಮಾತು. ಭಯವು ಮನುಷ್ಯನನ್ನು ಒಂಟಿಯಾಗಿಸುತ್ತದೆ. ವಿಶ್ವಾಸವು ಆ ಒಂಟಿತನವನ್ನು ಮುರಿಯುತ್ತದೆ. ಭಾರವನ್ನು ದೇವರ ಕೈಗೂ ಸಹೋದರರ ಹೆಗಲಿಗೂ ಹಂಚಿಕೊಡಲು ಕಲಿಸುವುದೇ ವಿಶ್ವಾಸ ಮಾಡುವ ಮೊದಲ ಉಪಕಾರ ಎಂಬುದು ಈ ಲೇಖನದ ಅಭಿಪ್ರಾಯ.

ಭಯ ಪಾಪವಲ್ಲ

ಪವಿತ್ರ ಬೈಬಲನ್ನು ತೆರೆದು ನೋಡೋಣ. ಬಾಳ್ ದೇವತೆಯ ಪ್ರವಾದಿಗಳನ್ನು ಏಕಾಂಗಿಯಾಗಿ ಎದುರಿಸಿ ಗೆದ್ದ ಪ್ರವಾದಿ ಎಲೀಯನು, ಜೆಜೆಬೆಲ್ ರಾಣಿಯ ಬೆದರಿಕೆಯೊಂದು ಕಿವಿಗೆ ಬಿದ್ದೊಡನೆ ಪ್ರಾಣಭಯದಿಂದ ಅಡವಿಗೆ ಓಡಿಹೋದನು. ಗಿಡವೊಂದರ ಅಡಿಯಲ್ಲಿ ಕುಳಿತು ತನಗೆ ಸಾವು ಬಂದರೆ ಸಾಕೆಂದು ಬೇಡಿಕೊಂಡನು (1 ಅರಸುಗಳು 19). ಆಗ ದೇವರು ಅವನನ್ನು ಗದರಿಸಲಿಲ್ಲ, ವಿಶ್ವಾಸದ ಕುರಿತು ಉಪದೇಶವನ್ನೂ ಮಾಡಲಿಲ್ಲ. ದೂತನನ್ನು ಕಳುಹಿಸಿ ಬಿಸಿ ರೊಟ್ಟಿಯನ್ನೂ ಕುಡಿಯಲು ನೀರನ್ನೂ ಕೊಟ್ಟರು, ಮಲಗಲು ಬಿಟ್ಟರು, ಮತ್ತೆ ಎಬ್ಬಿಸಿ ಉಣಿಸಿದರು. ಬಳಲಿದವನಿಗೆ ಮೊದಲು ಊಟ, ನಿದ್ರೆ; ಆಮೇಲೆ ಮಾತು. ನಮ್ಮ ಮನೆಗಳಲ್ಲಿ ಭಯದಿಂದ ಕುಸಿದವರೊಡನೆ ನಾವು ನಡೆದುಕೊಳ್ಳುವ ಕ್ರಮವೂ ಹೀಗೆಯೇ ಇರಬೇಕಲ್ಲವೇ?

ಸ್ವತಃ ಪ್ರಭು ಯೇಸುಸ್ವಾಮಿಯವರೇ ಗೆತ್ಸೆಮನೆ ತೋಪಿನಲ್ಲಿ ಕಳವಳಗೊಂಡರೆಂದು ಸಂತ ಮಾರ್ಕನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ (ಮಾರ್ಕ 14:32-42). ದೇವಪುತ್ರನಿಗೆ ಭಯವೇ ಎಂದು ಆಶ್ಚರ್ಯಪಟ್ಟವರಿದ್ದರು. ಕ್ರಿಸ್ತರಲ್ಲಿ ದೈವಿಕ ಸಂಕಲ್ಪದೊಡನೆ ನಿಜವಾದ ಮಾನವ ಸಂಕಲ್ಪವೂ ಇತ್ತೆಂದು 680-681ರಲ್ಲಿ ನಡೆದ ಕಾನ್‌ಸ್ಟಾಂಟಿನೋಪಲಿನ ಮೂರನೆಯ ಮಹಾಸಭೆಯು ಸ್ಪಷ್ಟವಾಗಿ ಸಾರಿತು. ಅಂದರೆ ಆ ರಾತ್ರಿಯ ಕಳವಳ ಕೇವಲ ತೋರಿಕೆಯಾಗಿರಲಿಲ್ಲ. ಆ ಘಳಿಗೆಯಲ್ಲಿ ಪ್ರಭುಗಳು ಮಾಡಿದ್ದೇನೆಂಬುದನ್ನು ಗಮನಿಸಬೇಕು. ತಮ್ಮ ಭಯವನ್ನು ತಂದೆಗೆ ಹೇಳಿಕೊಂಡರು. ಮೂವರು ಸ್ನೇಹಿತರನ್ನು ಹತ್ತಿರ ಇಟ್ಟುಕೊಂಡು ತಮ್ಮೊಡನೆ ಎಚ್ಚರವಾಗಿರುವಂತೆ ಕೇಳಿಕೊಂಡರು. ಸ್ನೇಹಿತರು ನಿದ್ರೆಹೋದರೆಂಬುದು ನಮಗೂ ತಗಲುವ ಮಾತು. ಪ್ರಭುಗಳೇ ಜೊತೆಯನ್ನು ಬಯಸಿದ ಮೇಲೆ ಜೊತೆ ಬಯಸುವುದು ನಮಗೆ ನಾಚಿಕೆಯ ಸಂಗತಿಯಾಗಬೇಕಿಲ್ಲ.

ಮುನ್ನೆಚ್ಚರಿಕೆ ಬೇರೆ, ಚಿಂತೆ ಬೇರೆ

ಹಾಗಾದರೆ ನಾಳೆಯ ಕುರಿತು ಚಿಂತಿಸಬಾರದೆಂದು ಪರ್ವತ ಪ್ರಸಂಗದಲ್ಲಿ ಯೇಸುಸ್ವಾಮಿ ಬೋಧಿಸಿದ್ದೇಕೆ? (ಮತ್ತಾಯ 6:25-34). ಅದನ್ನು ಕೇಳಿದವರಲ್ಲಿ ಅನೇಕರು ಅಂದಿನ ಕೂಲಿಯಿಂದ ಅಂದಿನ ಊಟ ಕಾಣುತ್ತಿದ್ದ ಗಲಿಲೇಯದ ಬಡವರು. ಹೊಟ್ಟೆ ತುಂಬಿದವರಿಗೆ ಆಡಿದ ಸಮಾಧಾನದ ಮಾತು ಅದಾಗಿರಲಿಲ್ಲ. ಆಕಾಶದ ಹಕ್ಕಿಗಳನ್ನು ಅವರು ಉದಾಹರಣೆಯಾಗಿ ತೋರಿಸಿದರು. ಹಕ್ಕಿಗೆ ಕಣಜವಿಲ್ಲ, ನಿಜ. ಆದರೆ ಯಾವ ಹಕ್ಕಿಯೂ ಗೂಡಿನಲ್ಲಿ ಬಾಯ್ದೆರೆದು ಕುಳಿತಿರುವುದಿಲ್ಲ. ಬೆಳಗಾಗುವ ಮುನ್ನವೇ ಕೆಲಸಕ್ಕೆ ಹೊರಡುತ್ತದೆ. ದುಡಿಮೆಯನ್ನು ಬಿಡಿರೆಂದು ಪ್ರಭುಗಳು ಎಲ್ಲಿಯೂ ಹೇಳಿಲ್ಲ.

ನಮ್ಮ ಅಡಕೆ ಬೆಳೆಗಾರರಿಗೆ ಈ ವ್ಯತ್ಯಾಸ ಚೆನ್ನಾಗಿ ತಿಳಿಯಬೇಕು. ಕೊಳೆರೋಗ ಬಾರದಿರಲೆಂದು ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ದ್ರಾವಣವನ್ನು ಸಿದ್ಧಪಡಿಸಿ, ಮುಂಗಾರು ಬಲಗೊಳ್ಳುವ ಮೊದಲೇ ಗೊನೆಗಳಿಗೆ ಸಿಂಪಡಿಸುತ್ತಾರೆ. ಸುಮಾರು ನಲವತ್ತು ದಿನಗಳ ಬಳಿಕ ಇನ್ನೊಮ್ಮೆ ಸಿಂಪಡಿಸುತ್ತಾರೆ. ಇದು ವಿವೇಕ, ಇದು ದೇವರು ಕೊಟ್ಟ ಬುದ್ಧಿಯ ಸದುಪಯೋಗ. ಸಿಂಪಡಿಸಿ ಮುಗಿಸಿದ ನಂತರವೂ ನಡುರಾತ್ರಿ ಹಾಸಿಗೆಯಲ್ಲಿ ಎದ್ದು ಕುಳಿತು ಹೆಂಚಿನ ಮೇಲೆ ಬೀಳುವ ಮಳೆಯ ಸದ್ದನ್ನು ಆಲಿಸುತ್ತಿದ್ದರೆ ಒಂದು ಕಾಯಿಯೂ ಉಳಿಯುವುದಿಲ್ಲ; ಮರುದಿನ ದುಡಿಯಲು ಮೈಯಲ್ಲಿ ಶಕ್ತಿಯೂ ಉಳಿಯುವುದಿಲ್ಲ. ಮಾಡಬೇಕಾದುದನ್ನು ಮಾಡಿ ಮುಗಿಸಿದ ಮೇಲೆ ಉಳಿಯುವ ಭಾಗವಿದೆಯಲ್ಲ, ಅದು ನಮ್ಮದಲ್ಲ, ದೇವರದು. ಅದನ್ನು ದೇವರಿಗೇ ಬಿಟ್ಟುಕೊಡಲಾಗದೆ ನಾವೇ ಹಿಡಿದಿಟ್ಟುಕೊಳ್ಳುವುದೇ ಚಿಂತೆ.

ಮರುಭೂಮಿಯಲ್ಲಿ ಇಸ್ರಯೇಲರಿಗೆ ದೊರೆತ ಮನ್ನದ ಪಾಠವೂ ಇದೇ. ಅಂದಂದಿನ ಪಾಲನ್ನು ಅಂದಂದೇ ಕೂಡಿಸಿಕೊಳ್ಳಬೇಕಾಗಿತ್ತು. ನಾಳೆಗೆ ಸಿಗಲಾರದೆಂಬ ಭಯದಿಂದ ಬಚ್ಚಿಟ್ಟವರ ಮನ್ನ ಹುಳುಬಿದ್ದು ನಾರಿತು. ಆದರೆ ಸಬ್ಬತ್ ದಿನಕ್ಕಾಗಿ ದೇವರ ಆಜ್ಞೆಯಂತೆ ಇಟ್ಟದ್ದು ಕೆಡಲಿಲ್ಲ (ವಿಮೋಚನಾಕಾಂಡ 16). ಕೂಡಿಡುವುದು ತಪ್ಪಲ್ಲ, ಭಯವೇ ಕೂಡಿಡತೊಡಗಿದರೆ ತಪ್ಪು. ಪ್ರಭುಗಳು ಕಲಿಸಿದ ಪ್ರಾರ್ಥನೆಯಲ್ಲಿ ನಾವು ಬೇಡುವ ಆಹಾರವೂ ಒಂದು ದಿನದ್ದೇ ಹೊರತು ಒಂದು ವರ್ಷದ್ದಲ್ಲ.

ಸೆರೆಮನೆಯಲ್ಲೊಬ್ಬ ಬಿಷಪರು

ಇಂತಹ ಮಾತುಗಳನ್ನು ಸುಖದಲ್ಲಿದ್ದವರು ಹೇಳುವುದು ಸುಲಭ ಎಂದು ಕೆಲವರು ಆಕ್ಷೇಪಿಸಬಹುದು. ಆದ್ದರಿಂದ ಸುಖದಲ್ಲಿಲ್ಲದಿದ್ದ ಒಬ್ಬರನ್ನು ನೆನೆಯೋಣ. ವಿಯೆಟ್ನಾಮಿನ ಬಿಷಪ್ ಫ್ರಾನ್ಸಿಸ್ ಝೇವಿಯರ್ ಗುಯೆನ್ ವಾನ್ ಥುವಾನ್ ಅವರು 1975ರ ಆಗಸ್ಟ್ 15ರಂದು, ಮಾತೆ ಮರಿಯಳ ಸ್ವರ್ಗಾರೋಹಣದ ಹಬ್ಬದ ದಿನವೇ, ಸರಕಾರದಿಂದ ಬಂಧಿಸಲ್ಪಟ್ಟರು. ವಿಚಾರಣೆಯಿಲ್ಲದೆ ಹದಿಮೂರು ವರ್ಷಗಳ ಸೆರೆವಾಸ. ಅದರಲ್ಲಿ ಒಂಬತ್ತು ವರ್ಷ ಒಂಟಿ ಕೋಣೆಯಲ್ಲಿ. ತಮ್ಮ ಪ್ರಾಣಕ್ಕಿಂತಲೂ ಹೆಚ್ಚಾಗಿ, ಕಾಯುವವರಿಲ್ಲದ ತಮ್ಮ ಜನರ ಚಿಂತೆ, ಅರ್ಧಕ್ಕೆ ನಿಂತ ಕೆಲಸಗಳ ಚಿಂತೆ ತಮ್ಮನ್ನು ಹಿಂಡಿತೆಂದು ಅವರು ಮುಂದೆ ಹೇಳಿಕೊಂಡಿದ್ದಾರೆ. ಒಂದು ರಾತ್ರಿ ಅವರಿಗೆ ಅಂತರಂಗದಲ್ಲಿ ಬೆಳಕು ಮೂಡಿತು. ದೇವರು ಬೇರೆ, ದೇವರ ಕೆಲಸಗಳು ಬೇರೆ. ಆ ಕೆಲಸಗಳನ್ನು ದೇವರು ತಮಗಿಂತ ಸಮರ್ಥರ ಕೈಗೆ ಒಪ್ಪಿಸಬಲ್ಲರು. ತಾವು ಆರಿಸಿಕೊಳ್ಳಬೇಕಾದುದು ದೇವರನ್ನೇ ಎಂಬುದು ಅವರಿಗೆ ಮನದಟ್ಟಾಯಿತು.

ಅಲ್ಲಿಂದ ಅವರು ಕೈಕಟ್ಟಿ ಕುಳಿತುಕೊಳ್ಳಲಿಲ್ಲ. ಹೊಟ್ಟೆನೋವಿನ ಔಷಧಿಯೆಂದು ಮನೆಯವರಿಂದ ತರಿಸಿಕೊಂಡ ದ್ರಾಕ್ಷಾರಸದ ಮೂರು ಹನಿ, ಒಂದು ಹನಿ ನೀರು, ಅಂಗೈಯೇ ಬಲಿಪಾತ್ರೆ. ಹೀಗೆ ಅವರು ಸೆರೆಯಲ್ಲಿ ಪವಿತ್ರ ಬಲಿಪೂಜೆಯನ್ನು ಅರ್ಪಿಸಿದರು. ಬಂಧನದ ಮೊದಲ ತಿಂಗಳುಗಳಲ್ಲಿ ಹುಡುಗನೊಬ್ಬನು ತಂದುಕೊಟ್ಟ ಹಳೆಯ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ತಮ್ಮ ಜನರಿಗಾಗಿ ಚಿಕ್ಕ ಚಿಕ್ಕ ಸಂದೇಶಗಳನ್ನು ಬರೆದರು. ಅವೇ ಮುಂದೆ ‘ಭರವಸೆಯ ಹಾದಿ’ ಎಂಬ ಪುಸ್ತಕವಾಗಿ ಅನೇಕ ಭಾಷೆಗಳನ್ನು ಸೇರಿದವು. 1988ರಲ್ಲಿ ಬಿಡುಗಡೆ ಹೊಂದಿ, 2001ರಲ್ಲಿ ಕಾರ್ಡಿನಲ್ ಆಗಿ, 2002ರಲ್ಲಿ ಅವರು ಪ್ರಭುವಿನಲ್ಲಿ ನಿದ್ರಿಸಿದರು. ಅವರ ಸೆರೆಮನೆಯ ಬಾಗಿಲನ್ನು ವಿಶ್ವಾಸವು ಹದಿಮೂರು ವರ್ಷ ತೆರೆಯಲಿಲ್ಲ. ಆದರೆ ಆ ಬಾಗಿಲ ಹಿಂದೆ ಅವರು ಒಬ್ಬಂಟಿಯಾಗಿಯೂ ಇರಲಿಲ್ಲ, ವ್ಯರ್ಥರಾಗಿಯೂ ಇರಲಿಲ್ಲ.

ದೇವರ ಬಗೆಗಿನ ತಪ್ಪು ಭಯವೂ ಒಂದಿದೆ. ದೇವರನ್ನು ದಂಡನಾಧಿಕಾರಿಯಂತೆ ಚಿತ್ರಿಸಿ ಮಕ್ಕಳನ್ನು ಹೆದರಿಸಿ ಬೆಳೆಸಿದ ಮನೆಗಳು ನಮ್ಮಲ್ಲಿ ಕಡಿಮೆಯಿರಲಿಲ್ಲ. ಸಂತ ಫ್ರಾನ್ಸಿಸ್ ಡಿ ಸೇಲ್ಸ್ ಅವರು ಪ್ಯಾರಿಸ್ಸಿನಲ್ಲಿ ವಿದ್ಯಾರ್ಥಿಯಾಗಿದ್ದಾಗ, 1586ರ ಕೊನೆಯ ಹೊತ್ತಿಗೆ, ತಾನು ನರಕಕ್ಕೇ ಗುರಿಯಾದವನೆಂಬ ಭೀತಿಗೆ ಸಿಲುಕಿ ಊಟ ನಿದ್ರೆಗಳನ್ನು ಕಳೆದುಕೊಂಡು ಕಾಯಿಲೆ ಬಿದ್ದರು. ದೇವಮಾತೆಯ ಪ್ರತಿಮೆಯೆದುರು ಮೊಣಕಾಲೂರಿ, ಮುಂದೇನೇ ಆಗಲಿ ಈ ಬದುಕಿನಲ್ಲಾದರೂ ದೇವರನ್ನು ಪ್ರೀತಿಸುತ್ತೇನೆಂದು ತಮ್ಮನ್ನು ಅರ್ಪಿಸಿಕೊಂಡಾಗ ಆ ಭೀತಿ ಕಳಚಿಬಿತ್ತು. ಭಯವನ್ನು ಪ್ರೀತಿ ಹೊರಗಟ್ಟುತ್ತದೆಂಬ ಸಂತ ಯೊವಾನ್ನನ ಬೋಧನೆಗೆ (1 ಯೊವಾನ್ನ 4:18) ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಆ ಹುಡುಗನೇ ಮುಂದೆ ಸೌಮ್ಯತೆಗೆ ಹೆಸರಾದ ಬಿಷಪರಾದರು. ಧರ್ಮಸಭೆ 1923ರಲ್ಲಿ ಅವರನ್ನು ಪತ್ರಕರ್ತರ ಪಾಲಕ ಸಂತರೆಂದು ಘೋಷಿಸಿತು.

ಸುಳ್ಳು ಆಸರೆಗಳು

ಭಯಗೊಂಡ ಮನಸ್ಸು ಸಿಕ್ಕ ಹುಲ್ಲುಕಡ್ಡಿಯನ್ನೂ ಹಿಡಿಯುತ್ತದೆ. ಭಾನುವಾರ ಪೂಜೆಗೆ ಹೋಗಿ, ಸೋಮವಾರ ಯಾರಿಗೂ ತಿಳಿಯದಂತೆ ಭವಿಷ್ಯ ಕೇಳಲು ಹೋಗುವವರು ನಮ್ಮಲ್ಲಿಲ್ಲವೆ? ಭವಿಷ್ಯವನ್ನು ತಿಳಿಯಲು ಜಾತಕ, ಹಸ್ತರೇಖೆಗಳ ಮೊರೆಹೋಗಬಾರದೆಂದು ಕಥೋಲಿಕ ಧರ್ಮೋಪದೇಶ ಗ್ರಂಥದ 2116ನೆಯ ಪರಿಚ್ಛೇದವು ಸ್ಪಷ್ಟವಾಗಿ ಹೇಳುತ್ತದೆ. ಹಿಂದೆ ಅಂಚೆಯಲ್ಲಿ ಬರುತ್ತಿದ್ದ ಸರಪಳಿ ಪತ್ರಗಳು ಇಂದು ವಾಟ್ಸಪ್‌ನಲ್ಲಿ ಬರುತ್ತಿವೆ. ಇಷ್ಟು ಜನರಿಗೆ ಕಳುಹಿಸಿದರೆ ಒಳಿತು, ಕಳುಹಿಸದಿದ್ದರೆ ಕೇಡು ಎಂಬ ಬೆದರಿಕೆಯ ಮೇಲೆ ಸಂತರ ಚಿತ್ರವನ್ನು ಅಂಟಿಸಿದ ಮಾತ್ರಕ್ಕೆ ಅದು ಭಕ್ತಿಯಾಗುವುದಿಲ್ಲ. ಅಂತಹುದನ್ನು ಅಳಿಸಿಹಾಕಲು ಯಾರೂ ಹೆದರಬೇಕಾಗಿಲ್ಲ.

ನೊವೆನಾಗಳ ಕುರಿತೂ ಒಂದು ಮಾತು. ಬೆಂಗಳೂರಿನ ವಿವೇಕನಗರದ ಬಾಲಯೇಸುವಿನ ದೇವಾಲಯಕ್ಕೆ ಗುರುವಾರಗಳಂದು, ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಪುಣ್ಯಕ್ಷೇತ್ರಕ್ಕೆ ಜನವರಿಯ ಹಬ್ಬದಂದು ಭಾರ ಹೊತ್ತು ಬರುವ ಸಾವಿರಾರು ಜನರ ಕಣ್ಣೀರು ಪವಿತ್ರವಾದುದು. ಆದರೆ ಒಂಬತ್ತು ವಾರ ಮುಗಿದೊಡನೆ ಕೆಲಸವಾಗಲೇಬೇಕೆಂಬ ಲೆಕ್ಕಾಚಾರ ಪ್ರಾರ್ಥನೆಯಲ್ಲ, ವ್ಯಾಪಾರ. ಬೇಡಿದ್ದು ದೊರೆಯದಾಗ ವ್ಯಾಪಾರಿ ಅಂಗಡಿ ಬದಲಾಯಿಸುತ್ತಾನೆ. ಮಗುವಾದರೋ ತಂದೆಯ ಕೈಯನ್ನು ಬಿಡುವುದಿಲ್ಲ.

ನಾವೇ ಹುಟ್ಟಿಸುವ ಭಯ

ಇಲ್ಲಿ ನಮ್ಮ ಸಮಾಜವು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ನಮ್ಮ ಕುಟುಂಬಗಳ ಅನೇಕ ಭಯಗಳು ಆಕಾಶದಿಂದ ಬಿದ್ದವುಗಳಲ್ಲ, ನೆರೆಮನೆಯಿಂದ ಬಂದವುಗಳು. ನಾಲ್ಕು ಜನ ಏನೆಂದಾರು ಎಂಬ ಒಂದೇ ಭಯದಿಂದ ಸಾಲ ಮಾಡಿ ಸಭಾಭವನ ಹಿಡಿದು ಮದುವೆ ಮಾಡುವವರೆಷ್ಟು? ಮಕ್ಕಳ ಪ್ರಥಮ ಪರಮಪ್ರಸಾದದ ದಿನವನ್ನೂ ಔತಣಕೂಟವನ್ನಾಗಿ ಮಾಡಿ, ಅನುಕೂಲವಿಲ್ಲದ ನೆರೆಯವರಿಗೆ ಸಂಕಟ ತಂದಿಟ್ಟವರು ಯಾರು? ಅಂಕಪಟ್ಟಿ ಹಿಡಿದು ಮಕ್ಕಳನ್ನು ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳೊಡನೆ ತೂಗುವವರು ಯಾರು? ಅನುಕೂಲವಂತರು ಸರಳವಾಗಿ ಮದುವೆ ಮಾಡಿದರೆ ಅವರ ಬೀದಿಯ ಹತ್ತು ಮನೆಗಳ ತಂದೆಯರು ನೆಮ್ಮದಿಯಿಂದ ಮಲಗುತ್ತಾರೆ. ಇದು ದೊಡ್ಡ ದಾನವೇ ಸರಿ. ಇದಕ್ಕೆ ಹಣ ಖರ್ಚಾಗುವುದೂ ಇಲ್ಲ.

ಮನೆಯಲ್ಲಿ ಮಾಡಬಹುದಾದುದು

ಮೊದಲನೆಯದಾಗಿ, ಸಂಜೆಯ ಜಪಸರವನ್ನು ಉಳಿಸಿಕೊಳ್ಳೋಣ. ಅದರ ಕೊನೆಗೆ ಎರಡು ನಿಮಿಷ ಮೌನವಾಗಿ ಕುಳಿತು, ಮನೆಯ ಪ್ರತಿಯೊಬ್ಬರೂ ತಮ್ಮನ್ನು ಕಾಡುತ್ತಿರುವ ಒಂದು ಚಿಂತೆಯನ್ನು ಹೆಸರಿಸಿ ದೇವರ ಮುಂದಿಡುವ ವಾಡಿಕೆಯನ್ನು ಬೆಳೆಸಿಕೊಳ್ಳಬಹುದು. ತಂದೆಯ ಸಾಲ ತಾಯಿಗೆ ತಿಳಿಯದ, ಮಗನ ಸೋಲು ತಂದೆಗೆ ತಿಳಿಯದ ಮನೆಗಳಲ್ಲಿಯೇ ಭಯವು ಬೇರುಬಿಡುತ್ತದೆ. ಹೇಳಿಕೊಂಡ ಚಿಂತೆ ಅರ್ಧವಾಗುತ್ತದೆ. ಸಂತ ಪೌಲರು ಚಿಂತೆಯನ್ನು ಬಿಟ್ಟು ಬೇಡಿಕೆಗಳನ್ನು ಕೃತಜ್ಞತೆಯೊಡನೆ ದೇವರಿಗೆ ತಿಳಿಸುವಂತೆ ಫಿಲಿಪ್ಪಿಯರಿಗೆ ಬರೆದದ್ದು ಸೆರೆಯಲ್ಲಿದ್ದಾಗ (ಫಿಲಿಪ್ಪಿಯರಿಗೆ 4:6-7). ಪ್ರತಿ ಬಲಿಪೂಜೆಯಲ್ಲೂ ಪ್ರಭು ಕಲಿಸಿದ ಪ್ರಾರ್ಥನೆ ಮುಗಿದೊಡನೆ ಗುರುಗಳು ನಮ್ಮೆಲ್ಲರ ಪರವಾಗಿ, ಸಕಲ ಕೇಡಿನಿಂದಲೂ ಮನದ ಕ್ಷೋಭೆಯಿಂದಲೂ ನಮ್ಮನ್ನು ಕಾಪಾಡುವಂತೆ ಬೇಡುತ್ತಾರೆ. ಆ ಕ್ಷಣದಲ್ಲಿ ನಮ್ಮ ಮನೆಯ ಚಿಂತೆಯನ್ನು ಅದರೊಳಗೆ ಸೇರಿಸಿಬಿಡೋಣ.

2015ರ ಜನವರಿಯಲ್ಲಿ ಫಿಲಿಪ್ಪೀನ್ಸ್ ದೇಶದ ಮನಿಲಾದಲ್ಲಿ ಕುಟುಂಬಗಳೊಡನೆ ಮಾತನಾಡುತ್ತ ಪೋಪ್ ಫ್ರಾನ್ಸಿಸರು ತಮ್ಮ ಮೇಜಿನ ಮೇಲಿದ್ದ ನಿದ್ರಿಸುವ ಸಂತ ಜೋಸೆಫರ ಪ್ರತಿಮೆಯ ಕುರಿತು ಹೇಳಿದರು. ಸಮಸ್ಯೆ ಎದುರಾದಾಗ ಅದನ್ನು ಚೀಟಿಯಲ್ಲಿ ಬರೆದು ಆ ಪ್ರತಿಮೆಯ ಅಡಿಯಲ್ಲಿಡುವುದು ಅವರ ರೂಢಿಯಾಗಿತ್ತು. ಸಂತ ಜೋಸೆಫರಿಗೆ ದೇವರ ಮಾತು ಕೇಳಿಸಿದ್ದು ನಿದ್ರೆಯಲ್ಲಿ. ಎಚ್ಚೆತ್ತೊಡನೆ ಅವರು ಮಾಡಿದ್ದು ಕೆಲಸ. ರಾತ್ರಿ ದೇವರಿಗೆ ಒಪ್ಪಿಸುವುದು, ಬೆಳಿಗ್ಗೆ ಎದ್ದು ಕರ್ತವ್ಯಕ್ಕೆ ಹೊರಡುವುದು. ಕುಟುಂಬಸ್ಥರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಸಿಗದು.

ಎರಡನೆಯದಾಗಿ, ವೈದ್ಯರ ಬಳಿಗೆ ಹೋಗಲು ಸಂಕೋಚ ಬೇಡ. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಕಾರಣವಿಲ್ಲದೆ ಎದೆ ಡವಗುಟ್ಟಿದರೆ, ಬದುಕೇ ಬೇಡವೆನಿಸಿದರೆ ಅದು ವಿಶ್ವಾಸದ ಕೊರತೆಯಲ್ಲ, ಚಿಕಿತ್ಸೆ ಬೇಡುವ ಕಾಯಿಲೆಯಾಗಿರಬಹುದು. ವೈದ್ಯನನ್ನು ದೇವರೇ ಉಂಟುಮಾಡಿದ್ದಾರೆ, ಆದ್ದರಿಂದ ಪ್ರಾರ್ಥನೆಯೂ ಬೇಕು, ವೈದ್ಯನೂ ಬೇಕು ಎಂದು ಸಿರಾಖ ಗ್ರಂಥ ಬೋಧಿಸುತ್ತದೆ (ಸಿರಾಖ 38:1-15). ಪೋಪ್ ಫ್ರಾನ್ಸಿಸರೇ, ಅರ್ಜೆಂಟೀನಾದ ಸರ್ವಾಧಿಕಾರದ ದಿನಗಳಲ್ಲಿ ಆತಂಕವನ್ನು ನಿಭಾಯಿಸಲು ತಾವು ಮನೋವೈದ್ಯೆಯೊಬ್ಬರ ನೆರವು ಪಡೆದುದನ್ನು ಬಹಿರಂಗವಾಗಿ ಹೇಳಿಕೊಂಡಿದ್ದರು. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾರೂ ಉಚಿತವಾಗಿ ಕರೆಮಾಡಬಹುದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಈ ಸಂಖ್ಯೆ ಪ್ರತಿ ಮನೆಯಲ್ಲಿಯೂ ಇರಲಿ.

ಮೂರನೆಯದಾಗಿ, ಧರ್ಮಕೇಂದ್ರವು ಭಯಗೊಂಡವರ ಮನೆಬಾಗಿಲಿಗೆ ಹೋಗಬೇಕು. 1833ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರೆಡರಿಕ್ ಓಜಾನಾಮ್ ಮತ್ತು ಸಂಗಡಿಗರು ಆರಂಭಿಸಿದ ಸಂತ ವಿನ್ಸೆಂಟ್ ಡಿ ಪೌಲ್ ಸಭೆಯ ಪದ್ಧತಿಯೇ ಮನೆಭೇಟಿ. ಇದನ್ನು ಸಹಾಯಧನ ಹಂಚುವುದಕ್ಕಷ್ಟೇ ಮೀಸಲಿಡದೆ, ಆಸ್ಪತ್ರೆಯಿಂದ ಮರಳಿದವರ, ಕೆಲಸ ಕಳೆದುಕೊಂಡು ವಿದೇಶದಿಂದ ಹಿಂದಿರುಗಿದವರ, ಒಂಟಿ ವೃದ್ಧರ ಮನೆಗಳಿಗೂ ವಿಸ್ತರಿಸಬಹುದು. ಅಲ್ಲಿ ಉಪದೇಶ ಬೇಕಿಲ್ಲ. ಎಲೀಯನ ಬಳಿಗೆ ಬಂದ ದೂತನಂತೆ ಒಂದು ತುತ್ತು, ಒಂದು ಲೋಟ ನೀರು, ಅರ್ಧ ಗಂಟೆಯ ಜೊತೆ ಸಾಕು.

2020ರ ಮಾರ್ಚ್ 27ರ ಸಂಜೆಯನ್ನು ನಾವಾರೂ ಮರೆತಿಲ್ಲ. ಕೊರೋನಾ ಸೋಂಕಿನಿಂದ ಜಗತ್ತೇ ತತ್ತರಿಸಿದ್ದಾಗ ಪೋಪ್ ಫ್ರಾನ್ಸಿಸರು ಮಳೆ ಬೀಳುತ್ತಿದ್ದ, ಜನರಿಲ್ಲದ ಸಂತ ಪೇತ್ರರ ಚೌಕದಲ್ಲಿ ನಿಂತು, ಬಿರುಗಾಳಿಗೆ ಸಿಕ್ಕಿದ ದೋಣಿಯ ಶುಭಸಂದೇಶವನ್ನು (ಮಾರ್ಕ 4:35-41) ವಿವರಿಸಿದರು. ನಾವೆಲ್ಲರೂ ಒಂದೇ ದೋಣಿಯಲ್ಲಿದ್ದೇವೆಂದು ನೆನಪಿಸಿದರು. ಆ ದೋಣಿಯಲ್ಲಿದ್ದ ಶಿಷ್ಯರಲ್ಲಿ ಸರೋವರವನ್ನು ಬಲ್ಲ ಬೆಸ್ತರಿದ್ದರು. ಅವರ ಭಯ ಅಜ್ಞಾನದ ಭಯವಾಗಿರಲಿಲ್ಲ. ಅವರ ವಿಶ್ವಾಸ ಅಲ್ಪವಾಗಿದ್ದರೂ ಅವರು ಮಾಡಿದ ಒಂದು ಕೆಲಸ ಸರಿಯಾಗಿತ್ತು: ಅವರು ಪ್ರಭುಗಳನ್ನು ಎಬ್ಬಿಸಿದರು.

ಪುನರುತ್ಥಾನದ ದಿನ ಸಂಜೆಯೂ ಶಿಷ್ಯರು ಭಯದಿಂದ ಕದ ಮುಚ್ಚಿ ಒಳಗೆ ಕುಳಿತಿದ್ದರು (ಯೊವಾನ್ನ 20:19). ಅವರು ಧೈರ್ಯ ತಂದುಕೊಂಡು ಬಾಗಿಲು ತೆರೆಯಲಿ ಎಂದು ಪ್ರಭುಗಳು ಹೊರಗೆ ಕಾಯಲಿಲ್ಲ. ಮುಚ್ಚಿದ ಬಾಗಿಲಿನ ಒಳಗೇ ಬಂದು ನಡುವೆ ನಿಂತರು, ಶಾಂತಿಯನ್ನು ಹರಸಿದರು, ತಮ್ಮ ಗಾಯಗಳನ್ನು ತೋರಿಸಿದರು. ನಮ್ಮ ಭಯವೆಲ್ಲ ತೀರಿದ ಮೇಲೆ ಅವರು ಬರುವರೆಂದು ನಾವೂ ಕಾಯಬೇಕಾಗಿಲ್ಲ. ಭಯವಿರುವ ಮನೆಗೇ ಅವರು ಬರುತ್ತಾರೆ. ಈ ಸಂಜೆ ಜಪಸರ ಹಿಡಿದು ಕುಳಿತಾಗ ಅವರಿಗೊಂದು ಸ್ಥಳ ಬಿಟ್ಟುಕೊಡೋಣ. ಪಕ್ಕದ ಮನೆಯಲ್ಲಿ ಕದ ಮುಚ್ಚಿ ಕುಳಿತವರನ್ನೂ ನೆನಪಿಸಿಕೊಂಡು, ನಾಳೆ ಬೆಳಿಗ್ಗೆ ಅವರ ಬಾಗಿಲನ್ನೊಮ್ಮೆ ತಟ್ಟೋಣ.